ಕೆಲಸದಲ್ಲಿ ಕಲಿತದ್ದಕ್ಕೆ ಕ್ರೆಡಿಟ್: ಪೋರ್ಟ್‌ಫೋಲಿಯೊ ಸಿದ್ಧಪಡಿಸುವುದು ಹೇಗೆ?

ಹತ್ತು ಹದಿನೈದು ವರ್ಷ ದುಡಿದ ಮೇಲೆ ಪದವಿಗೆ ಸೇರುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಈ ವಿಷಯವನ್ನು ಕೆಲಸ ಮಾಡುತ್ತಲೇ ಕಲಿತಿದ್ದೇನೆ. ಮತ್ತೆ ಮೊದಲಿನಿಂದ ತರಗತಿಯಲ್ಲಿ ಕೂರಲೇಬೇಕೆ?’ ಕಲಿತದ್ದನ್ನು ತೋರಿಸಿಕೊಡಲು ಆಗುವುದಾದರೆ, ಮತ್ತು ನೀವು ಸೇರುವ ಸಂಸ್ಥೆಯಲ್ಲಿ ಅದಕ್ಕೆ ಅವಕಾಶ ಇದ್ದರೆ, ಕೂರಬೇಕಾಗಿಲ್ಲ. ತೋರಿಸಿಕೊಡುವ ದಾರಿಗಳಲ್ಲಿ ಒಂದು ಪೋರ್ಟ್‌ಫೋಲಿಯೊ. ಅಂದರೆ, ಒಂದು ನಿರ್ದಿಷ್ಟ ಕೋರ್ಸ್ ಕಲಿಸುವುದನ್ನು ನೀವು ಆಗಲೇ ಬಲ್ಲಿರಿ ಎಂದು ಬರಹ ಮತ್ತು ದಾಖಲೆಗಳ ಮೂಲಕ ಸಾಧಿಸಿ ತೋರಿಸುವ ಕಡತ.

ಹೀಗೆ ಮೊದಲೇ ಕಲಿತದ್ದಕ್ಕೆ, ಅಂದರೆ ಪೂರ್ವ ಕಲಿಕೆಗೆ, ಕ್ರೆಡಿಟ್ (ಪದವಿ ಪಡೆಯಲು ಕೂಡಿಸಬೇಕಾದ ಕಲಿಕೆಯ ಏಕಮಾನ) ಕೊಡುವ ವ್ಯವಸ್ಥೆಯನ್ನು ಸಂಸ್ಥೆಯ ಜಾಲತಾಣದಲ್ಲಿ ಯಾವ ಹೆಸರಿನಲ್ಲಿ ಹುಡುಕಬೇಕು ಎಂಬುದೂ ಹಲವರಿಗೆ ತೊಡಕು. ಭಾರತ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಲ್ಲಿ ‘ಆರ್‌ಪಿಎಲ್’, ಅಮೆರಿಕದಲ್ಲಿ ‘ಪಿಎಲ್‌ಎ’ ಅಥವಾ ‘ಸಿಪಿಎಲ್’, ಕೆನಡಾದಲ್ಲಿ ‘ಪಿಎಲ್‌ಎಆರ್’, ಫ್ರಾನ್ಸ್‌ನಲ್ಲಿ ‘ವಿಎಇ’ ಎಂಬ ಹೆಸರುಗಳು ಬಳಕೆಯಲ್ಲಿವೆ. ಹೆಸರು ಬೇರೆ, ನಿಯಮಗಳೂ ಬೇರೆ. ಆದರೆ ಕಡತ ಕಟ್ಟುವ ಬಗೆ ಎಲ್ಲೆಡೆ ಬಹುಪಾಲು ಒಂದೇ.

ಶುರು ಮಾಡುವ ಮೊದಲು ಒಂದು ಮಾತನ್ನು ಗಟ್ಟಿಯಾಗಿ ಮನಸ್ಸಿನಲ್ಲಿಟ್ಟುಕೊಳ್ಳಿ. ಕ್ರೆಡಿಟ್ ಕೊಡುವುದು ಕಲಿಕೆಗೆ. ಕಳೆದ ವರ್ಷಗಳಿಗೆ ಕ್ರೆಡಿಟ್ ಇಲ್ಲ. ಹನ್ನೆರಡು ವರ್ಷ ಲೆಕ್ಕಪತ್ರ ನೋಡಿಕೊಂಡೆ ಎಂಬುದು ಅನುಭವ. ಖಾತೆಗಳು ತಾಳೆಯಾಗದಿದ್ದಾಗ ತಪ್ಪು ಎಲ್ಲಿ ನುಸುಳಿರಬಹುದು ಎಂದು ಹಂತಹಂತವಾಗಿ ಪತ್ತೆಹಚ್ಚಬಲ್ಲೆ, ಏಕೆ ಹಾಗೆ ಹುಡುಕುತ್ತೇನೆ ಎಂದು ವಿವರಿಸಬಲ್ಲೆ ಎಂಬುದು ಕಲಿಕೆ. ಈ ಕ್ಷೇತ್ರದಲ್ಲಿ 1974ರಿಂದ ಕೆಲಸ ಮಾಡುತ್ತಿರುವ ಅಮೆರಿಕದ ಸಿಎಇಎಲ್ ಸಂಸ್ಥೆಯ ಮಾನದಂಡಗಳಲ್ಲೂ ಇದೇ ಮುಖ್ಯ ತತ್ವ. ತಿರಸ್ಕೃತವಾಗುವ ಕಡತಗಳನ್ನು ಬಿಡಿಸಿ ನೋಡಿದರೆ ಅರ್ಜಿದಾರರಿಗೆ ವಿಷಯ ಗೊತ್ತಿಲ್ಲದೇ ಇರುವುದು ಅಪರೂಪ. ಉದ್ಯೋಗದ ಅರ್ಜಿಗೆ ಬರೆಯುವಂತೆ ಬರೆದಿರುತ್ತಾರೆ, ತೊಂದರೆ ಅಲ್ಲಿರುತ್ತದೆ.

1. ಮೊದಲು ನಿಯಮ ಓದಿ

ಸಂಸ್ಥೆಯ ಪೂರ್ವ ಕಲಿಕೆ ನೀತಿಯನ್ನು ಪೂರ್ತಿ ಓದಿ, ಸಂಬಂಧಪಟ್ಟ ಸಲಹೆಗಾರರಿಗೆ ಪ್ರಶ್ನೆಗಳನ್ನು ಬರಹದಲ್ಲಿ ಕಳುಹಿಸಿ. ಉತ್ತರವೂ ಬರಹದಲ್ಲೇ ಇರಲಿ. ಕೇಳಲೇಬೇಕಾದವು ಇವು:

- ನನಗೆ ಬೇಕಾದ ಕೋರ್ಸಿಗೆ ಪೋರ್ಟ್‌ಫೋಲಿಯೊ ದಾರಿ ತೆರೆದಿದೆಯೆ?
- ಇಡೀ ಪದವಿಯ ಕ್ರೆಡಿಟ್‌ಗಳಲ್ಲಿ ಎಷ್ಟು ಪಾಲನ್ನು ಹೀಗೆ ಪಡೆಯಬಹುದು?
- ಅರ್ಜಿ ಹಾಕುವುದು ಪ್ರವೇಶಕ್ಕೆ ಮೊದಲೋ, ಪ್ರವೇಶದ ಮೇಲೋ? ಕೊನೆಯ ಗಡುವು ಯಾವುದು?
- ಶುಲ್ಕ ಎಷ್ಟು? ಕ್ರೆಡಿಟ್ ಸಿಗದಿದ್ದರೆ ವಾಪಸ್ ಬರುತ್ತದೆಯೆ?
- ಪುಟಗಳ ಮಿತಿ ಇದೆಯೆ? ನಿಗದಿತ ನಮೂನೆ ಇದೆಯೆ?
- ಅಂಕಪಟ್ಟಿಯಲ್ಲಿ ಶ್ರೇಣಿ ಬರುತ್ತದೆಯೆ, ಬರೀ ‘ಕ್ರೆಡಿಟ್ ಪಡೆದಿದ್ದಾರೆ’ ಎಂದಿರುತ್ತದೆಯೆ?

ಶುಲ್ಕದ ಬಗ್ಗೆ ಒಂದು ಎಚ್ಚರಿಕೆ. ಮೌಲ್ಯಮಾಪನದ ಕೆಲಸಕ್ಕೆ ಶುಲ್ಕ ಪಡೆಯುವುದು ಸರಿಯಾದ ಪದ್ಧತಿ. ‘ಇಷ್ಟು ಹಣ ಕಟ್ಟಿದರೆ ಇಷ್ಟು ಕ್ರೆಡಿಟ್ ಖಚಿತ’ ಎನ್ನುವವರು, ಅನುಭವದ ಪಟ್ಟಿ ಕಳುಹಿಸಿದರೆ ಸಾಕು ಪದವಿಯನ್ನೇ ಕೊಡುತ್ತೇವೆ ಎನ್ನುವವರು ನಕಲಿ ಪದವಿ ಮಾರುವವರು. ಅವರಿಂದ ದೂರವಿರಿ.

ಇಲ್ಲಿ ಮೂರು ಪದಗಳನ್ನು ಬೇರೆಬೇರೆಯಾಗಿ ತಿಳಿದಿರಬೇಕು. ‘ನಿರ್ದಿಷ್ಟ ಕ್ರೆಡಿಟ್’ ಎಂದರೆ ಪಠ್ಯಕ್ರಮದ ಒಂದು ಹೆಸರಿಸಿದ ಕೋರ್ಸಿಗೆ ಸಮನಾಗಿ ಸಿಗುವುದು. ‘ಐಚ್ಛಿಕ ಕ್ರೆಡಿಟ್’ ಎಂದರೆ ಯಾವ ಕೋರ್ಸಿಗೂ ನೇರ ಹೊಂದದಿದ್ದರೂ ಪದವಿಯ ಒಟ್ಟು ಲೆಕ್ಕಕ್ಕೆ ಸೇರುವುದು. ‘ವಿನಾಯಿತಿ’ ಎಂದರೆ ಆ ಕೋರ್ಸನ್ನು ನೀವು ಓದಬೇಕಿಲ್ಲ, ಅಷ್ಟೆ. ಹಲವು ಕಡೆ ವಿನಾಯಿತಿಯ ಜೊತೆಗೆ ಕ್ರೆಡಿಟ್ ಬರುವುದಿಲ್ಲ. ಅಷ್ಟೇ ತೂಕದ ಇನ್ನೊಂದು ಕೋರ್ಸ್ ಓದಿ ಆ ಜಾಗ ತುಂಬಬೇಕು. ಇದನ್ನು ಕೇಳದೆ ಮುಂದುವರಿದವರು ಪದವಿಯ ಕೊನೆಯಲ್ಲಿ ಕ್ರೆಡಿಟ್ ಕೊರತೆ ಕಂಡು ಕಂಗಾಲಾಗುತ್ತಾರೆ.

ಪೋರ್ಟ್‌ಫೋಲಿಯೊವೇ ಬೇಕೆ ಎಂದೂ ಈ ಹಂತದಲ್ಲೇ ಯೋಚಿಸಿ. ಆ ಕೋರ್ಸಿನ ಅಂತಿಮ ಪರೀಕ್ಷೆಯನ್ನು ತರಗತಿಗೆ ಬಾರದೆ ನೇರವಾಗಿ ಬರೆಯಲು ಕೆಲವು ಸಂಸ್ಥೆಗಳು ಬಿಡುತ್ತವೆ. ಇದಕ್ಕೆ ಚಾಲೆಂಜ್ ಪರೀಕ್ಷೆ ಎನ್ನುತ್ತಾರೆ. ಗಣಿತ, ಭಾಷೆ, ಲೆಕ್ಕಶಾಸ್ತ್ರದ ಮೊದಲ ಹಂತದಂಥ ವಿಷಯಗಳಿಗೆ ಮೂರು ಗಂಟೆಯ ಪರೀಕ್ಷೆ ಮೂರು ತಿಂಗಳ ಕಡತಕ್ಕಿಂತ ಹಗುರ. ನಿಮ್ಮ ಬಳಿ ಇರುವ ತರಬೇತಿ ಪ್ರಮಾಣಪತ್ರವನ್ನು ಸಂಸ್ಥೆ ಆಗಲೇ ಮಾನ್ಯ ಮಾಡಿದ್ದರೆ ಪ್ರಮಾಣಪತ್ರವೊಂದೇ ಸಾಕಾಗಬಹುದು. ಹಲವು ಮೂಲಗಳಿಂದ, ಹಲವು ವರ್ಷಗಳಲ್ಲಿ ಹರಿದುಬಂದ ಕಲಿಕೆಗೆ ಮಾತ್ರ ಪೋರ್ಟ್‌ಫೋಲಿಯೊ ಸರಿಯಾದ ಪಾತ್ರೆ.

2. ಕೋರ್ಸ್ ಆರಿಸಿ

ಆಯ್ಕೆ ಕೋರ್ಸಿನ ಹೆಸರಿನಿಂದ ಆಗಬಾರದು. ‘ಮಾನವ ಸಂಪನ್ಮೂಲ ನಿರ್ವಹಣೆ’ ಎಂಬ ಶೀರ್ಷಿಕೆ ಓದಿ ‘ಇದು ನನ್ನ ಕೆಲಸವೇ’ ಎನ್ನುವುದು ಸುಲಭ. ಪಠ್ಯಕ್ರಮ ತೆರೆದರೆ ಕಾರ್ಮಿಕ ಕಾನೂನು, ಉದ್ಯೋಗ ವಿಶ್ಲೇಷಣೆ, ವೇತನ ರಚನೆಯ ಸಿದ್ಧಾಂತ ಎಲ್ಲ ಇರುತ್ತದೆ. ಆದ್ದರಿಂದ ಕೋರ್ಸಿನ ಅಧಿಕೃತ ಪಠ್ಯಕ್ರಮವನ್ನು ಪಡೆದು, ಅದರಲ್ಲಿರುವ ‘ಕಲಿಕಾ ಫಲ’ಗಳನ್ನು ಬೇರೆ ಹಾಳೆಯಲ್ಲಿ ಒಂದರ ಕೆಳಗೊಂದು ಬರೆದುಕೊಳ್ಳಿ. ಕೋರ್ಸ್ ಮುಗಿಸಿದವರಿಗೆ ಏನು ಗೊತ್ತಿರಬೇಕು, ಏನು ಮಾಡಲು ಬರಬೇಕು ಎಂದು ಹೇಳುವ ವಾಕ್ಯಗಳೇ ಕಲಿಕಾ ಫಲಗಳು.

ಪ್ರತಿ ಫಲದ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ: ‘ಬರುತ್ತದೆ, ಪುರಾವೆ ಇದೆ’, ‘ಬರುತ್ತದೆ, ಪುರಾವೆ ಇಲ್ಲ’, ‘ಬರುವುದಿಲ್ಲ’. ಮೂರನೆಯ ಗುರುತು ಕಾಲು ಭಾಗ ದಾಟಿದರೆ ಆ ಕೋರ್ಸನ್ನು ಬಿಟ್ಟು, ತರಗತಿಯಲ್ಲೇ ಓದುವುದು ಲೇಸು. ಒಂದೆರಡೇ ಇದ್ದರೆ ಆ ಭಾಗವನ್ನು ಈಗ ಓದಿ ತುಂಬಿಕೊಳ್ಳಬಹುದು. ಕಡತ ಸಲ್ಲಿಸುವ ಮೊದಲು ಕಲಿತದ್ದೂ ಪೂರ್ವ ಕಲಿಕೆಯೇ.

ಫಲಗಳಲ್ಲಿರುವ ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. 1956ರಲ್ಲಿ ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ರೂಪಿಸಿದ, 2001ರಲ್ಲಿ ಪರಿಷ್ಕೃತವಾದ ಕಲಿಕೆಯ ಮಟ್ಟಗಳ ಶ್ರೇಣಿಯನ್ನು ಅನುಸರಿಸಿ ಹೆಚ್ಚಿನ ಪಠ್ಯಕ್ರಮಗಳು ಈ ಪದಗಳನ್ನು ಆರಿಸುತ್ತವೆ: ನೆನಪಿಡುವುದು, ಅರ್ಥಮಾಡಿಕೊಳ್ಳುವುದು, ಅನ್ವಯಿಸುವುದು, ವಿಶ್ಲೇಷಿಸುವುದು, ಮೌಲ್ಯ ಕಟ್ಟುವುದು, ಹೊಸದನ್ನು ರೂಪಿಸುವುದು. ಫಲದಲ್ಲಿ ‘ವಿಶ್ಲೇಷಿಸುತ್ತಾರೆ’ ಎಂದಿದ್ದು, ನಿಮ್ಮ ಪುರಾವೆ ಯಾರೋ ಹೇಳಿಕೊಟ್ಟ ಕ್ರಮವನ್ನು ಪಾಲಿಸಿದ್ದನ್ನು ಮಾತ್ರ ತೋರಿಸಿದರೆ ಅದು ‘ಅನ್ವಯ’ದಲ್ಲೇ ನಿಂತುಹೋಗುತ್ತದೆ. ಕೆಲಸ ಚೆನ್ನಾಗಿಯೇ ಮಾಡಿದ್ದರೂ ಕ್ರೆಡಿಟ್ ಕೈತಪ್ಪುವುದು ಬಹಳ ಸಲ ಈ ಒಂದು ಮೆಟ್ಟಿಲಿನ ಅಂತರದಲ್ಲಿ.

ಮೊದಲ ಸಲಕ್ಕೆ ಒಂದೇ ಕೋರ್ಸ್ ಹಿಡಿಯಿರಿ. ಐದು ಕೋರ್ಸುಗಳ ಕಡತವನ್ನು ಒಟ್ಟಿಗೆ ಕಟ್ಟಲು ಹೊರಟರೆ ಐದೂ ಅರ್ಧಕ್ಕೆ ನಿಲ್ಲುತ್ತವೆ. ಕೆಲಸದ ಜೊತೆಗೆ ಮಾಡುವವರು ಒಂದು ಕೋರ್ಸಿಗೆ ಎಂಟರಿಂದ ಹನ್ನೆರಡು ವಾರ ಎತ್ತಿಡಿ. ಅದರಲ್ಲಿ ಅರ್ಧ ಹೊತ್ತು ಬೇರೆಯವರಿಂದ ಪತ್ರ, ಅನುಮತಿ ಬರಲು ಕಾಯುವುದಕ್ಕೇ ಹೋಗುತ್ತದೆ.

3. ಕಾಲಾನುಕ್ರಮ ಪಟ್ಟಿ ಬರೆಯಿರಿ

ಈ ಹಂತ ಬೇಗ ಮುಗಿಯುತ್ತದೆ. ಪ್ರತಿ ಉದ್ಯೋಗ, ತರಬೇತಿ, ಸ್ವಯಂಸೇವೆ, ಹವ್ಯಾಸಕ್ಕೆ ಒಂದೊಂದು ಸಾಲು: ಯಾವಾಗಿನಿಂದ ಯಾವಾಗಿನವರೆಗೆ, ಎಲ್ಲಿ, ಯಾವ ಹೊಣೆ, ಏನೇನು ಮಾಡಿದಿರಿ, ಅದರಿಂದ ಏನು ಕಲಿತಿರಿ, ಯಾರು ದೃಢೀಕರಿಸಬಲ್ಲರು. ಸಂಬಳವಿಲ್ಲದ ಕೆಲಸವನ್ನು ಬಿಡಬೇಡಿ. ಸಂಘವೊಂದರ ಖಜಾಂಚಿಯಾಗಿ ವಾರ್ಷಿಕ ಲೆಕ್ಕ ಮಂಡಿಸಿದ್ದು, ಮನೆಯಲ್ಲಿ ಹಾಸಿಗೆ ಹಿಡಿದವರ ಆರೈಕೆಯನ್ನು ವರ್ಷಗಟ್ಟಲೆ ನೋಡಿಕೊಂಡದ್ದು, ತೆರೆದ ಆಕರದ ತಂತ್ರಾಂಶಕ್ಕೆ ಕೋಡ್ ಬರೆದದ್ದು ಎಲ್ಲವೂ ಕಲಿಕೆಯ ಮೂಲಗಳೇ. ಸಾಲುಗಳ ನಡುವೆ ಖಾಲಿ ವರ್ಷಗಳಿದ್ದರೆ ಇರಲಿ, ಅದಕ್ಕೆ ವಿವರಣೆ ಬೇಕಿಲ್ಲ. ತಾರೀಖುಗಳು ಮಾತ್ರ ಮುಂದೆ ಸೇರಿಸುವ ಪತ್ರಗಳ ತಾರೀಖುಗಳಿಗೆ ತಾಳೆಯಾಗಲೇಬೇಕು. ಒಂದು ಕಡೆ ವ್ಯತ್ಯಾಸ ಕಂಡರೂ ಮೌಲ್ಯಮಾಪಕರು ಉಳಿದದ್ದನ್ನೂ ಅನುಮಾನದಿಂದ ಓದುತ್ತಾರೆ.

4. ಜೋಡಣೆ ಕೋಷ್ಟಕ ಕಟ್ಟಿ

ಇಡೀ ಕಡತದ ಬೆನ್ನೆಲುಬು ಇದು. ನಾಲ್ಕು ಕಂಬಸಾಲು: ಕಲಿಕಾ ಫಲ, ನಾನು ಕಲಿತದ್ದು, ಎಲ್ಲಿ ಹೇಗೆ ಕಲಿತೆ, ಪುರಾವೆಯ ಸಂಖ್ಯೆ. ಫಲವನ್ನು ಪಠ್ಯಕ್ರಮದಲ್ಲಿ ಇದ್ದಂತೆಯೇ, ಒಂದಕ್ಷರವೂ ಬದಲಿಸದೆ ಬರೆಯಿರಿ. ನಿಮ್ಮ ಮಾತಿನಲ್ಲಿ ತಿದ್ದಿ ಬರೆದರೆ ಮೌಲ್ಯಮಾಪಕರು ಹೊಂದಿಸಿ ನೋಡಲು ಪರದಾಡುತ್ತಾರೆ.

ಗೋದಾಮಿನ ಮೇಲ್ವಿಚಾರಕರೊಬ್ಬರು ದಾಸ್ತಾನು ನಿರ್ವಹಣೆಯ ಕೋರ್ಸಿಗೆ ಅರ್ಜಿ ಹಾಕುತ್ತಾರೆ ಎಂದಿಟ್ಟುಕೊಳ್ಳಿ. ಒಂದು ಸಾಲು ಹೀಗಿರಬಹುದು. ಫಲ: ‘ಮರು ಖರೀದಿಯ ಮಟ್ಟವನ್ನು ಲೆಕ್ಕ ಹಾಕಿ ಸಮರ್ಥಿಸುತ್ತಾರೆ.’ ಕಲಿತದ್ದು: ‘ಬಳಕೆಯ ವೇಗ, ಸರಬರಾಜಿಗೆ ಹಿಡಿಯುವ ದಿನಗಳು ಮತ್ತು ಸುರಕ್ಷತಾ ದಾಸ್ತಾನು ಆಧರಿಸಿ ಮರು ಖರೀದಿಯ ಮಟ್ಟ ನಿಗದಿ ಮಾಡುವುದು, ಆ ಸೂತ್ರ ಎಲ್ಲಿ ಸೋಲುತ್ತದೆ ಎಂದು ಗುರುತಿಸುವುದು.’ ಎಲ್ಲಿ: ‘ಗೋದಾಮು ಮೇಲ್ವಿಚಾರಣೆ, ಮೂರು ವರ್ಷ.’ ಪುರಾವೆ: ‘4, 5, 9.’ ಇಲ್ಲಿ 4 ಎಂದರೆ ಅವರು ತಯಾರಿಸಿದ ಲೆಕ್ಕದ ಹಾಳೆ, 5 ಆರು ತಿಂಗಳ ದಾಸ್ತಾನು ವರದಿ, 9 ವ್ಯವಸ್ಥಾಪಕರ ದೃಢೀಕರಣ ಪತ್ರ.

ಕೋಷ್ಟಕ ಮುಗಿದ ಮೇಲೆ ಎರಡು ದಿಕ್ಕಿನಿಂದ ಪರೀಕ್ಷಿಸಿ. ಅಡ್ಡಸಾಲು ಹಿಡಿದು ನೋಡಿದರೆ ಪ್ರತಿ ಫಲಕ್ಕೂ ಕನಿಷ್ಠ ಎರಡು ಪುರಾವೆ, ಅದೂ ಬೇರೆಬೇರೆ ಬಗೆಯವು, ಇರಬೇಕು. ಆಮೇಲೆ ಪುರಾವೆಗಳ ಪಟ್ಟಿ ಹಿಡಿದು ನೋಡಿ: ಯಾವ ಫಲಕ್ಕೂ ಸೇರದ ಪುರಾವೆ ಎಷ್ಟೇ ಚೆಂದವಿದ್ದರೂ ಹೊರಗೆ ಹೋಗಬೇಕು. ಪ್ರಶಸ್ತಿ ಫಲಕದ ಛಾಯಾಚಿತ್ರ, ಹೊಗಳಿಕೆಯ ಸಂದೇಶಗಳು ಸಾಮಾನ್ಯವಾಗಿ ಹೀಗೆ ಉದುರಿಹೋಗುತ್ತವೆ. ಮನಸ್ಸಿಗೆ ಕಷ್ಟವಾದರೂ ತೆಗೆಯಿರಿ.

ಗಂಟೆಗಳನ್ನು ಲೆಕ್ಕ ಹಾಕುವ ಆಸೆಯೂ ಇಲ್ಲಿಯೇ ಹುಟ್ಟುತ್ತದೆ. ಯುರೋಪಿನ ವಿಶ್ವವಿದ್ಯಾಲಯಗಳು ಬಳಸುವ ಇಸಿಟಿಎಸ್ ಎಂಬ ಕ್ರೆಡಿಟ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ಟಿಗೆ ಸಾಮಾನ್ಯವಾಗಿ 25ರಿಂದ 30 ಗಂಟೆಗಳ ಕಲಿಕೆ ಎಂದು ಓದಿದವರು ತಮ್ಮ 6,000 ಗಂಟೆಗಳ ಕೆಲಸವನ್ನು 30ರಿಂದ ಭಾಗಿಸಿ 200 ಕ್ರೆಡಿಟ್ ಕೇಳುತ್ತಾರೆ. ಆ ಗಂಟೆಗಳು ವಿದ್ಯಾರ್ಥಿಯ ಓದಿನ ಹೊರೆಯನ್ನು ಅಂದಾಜಿಸಲು ಇರುವವು. ಕೆಲಸದ ಗಂಟೆಗಳನ್ನು ಕ್ರೆಡಿಟ್ಟಿಗೆ ಬದಲಿಸಿಕೊಳ್ಳುವ ದರ ಅದಲ್ಲ.

5. ಪುರಾವೆ ಸಂಗ್ರಹಿಸಿ

ಪುರಾವೆಯಲ್ಲಿ ಎರಡು ಬಗೆ. ನೀವೇ ತಯಾರಿಸಿದ್ದು ನೇರ ಪುರಾವೆ: ವರದಿ, ನಕ್ಷೆ, ಪಾಠ ಯೋಜನೆ, ಕೋಡ್, ಬಜೆಟ್, ಕೆಲಸ ಮಾಡುತ್ತಿರುವ ವಿಡಿಯೊ. ನಿಮ್ಮ ಬಗ್ಗೆ ಬೇರೆಯವರು ಹೇಳಿದ್ದು ಪರೋಕ್ಷ ಪುರಾವೆ: ದೃಢೀಕರಣ ಪತ್ರ, ವಾರ್ಷಿಕ ಮೌಲ್ಯಮಾಪನ ವರದಿ, ಪ್ರಮಾಣಪತ್ರ. ನೇರ ಪುರಾವೆ ಕೌಶಲವನ್ನು ತೋರಿಸುತ್ತದೆ. ಅದನ್ನು ಮಾಡಿದ್ದು ನೀವೇ ಎಂದು ಪರೋಕ್ಷ ಪುರಾವೆ ಸಾಕ್ಷಿ ನುಡಿಯುತ್ತದೆ. ಎರಡೂ ಜೊತೆಯಾಗಿದ್ದರೇ ಬಲ.

ಪ್ರತಿ ಪುರಾವೆಯನ್ನೂ ಮೌಲ್ಯಮಾಪಕರು ನಾಲ್ಕು ಪ್ರಶ್ನೆಗಳಿಂದ ಅಳೆಯುತ್ತಾರೆ. ಇದು ಆ ಕಲಿಕಾ ಫಲಕ್ಕೇ ಸಂಬಂಧಿಸಿದ್ದೆ? (ಸಿಂಧುತ್ವ.) ಇದು ನಿಜವಾಗಿ ಇವರದೇ ಕೆಲಸವೆ? (ನೈಜತೆ.) ಒಂದು ಸಲ ಆಕಸ್ಮಿಕವಾಗಿ ಆದದ್ದಲ್ಲ ಎನ್ನುವಷ್ಟು ಇದೆಯೆ? (ಪರ್ಯಾಪ್ತತೆ.) ಇಂದಿಗೂ ಈ ತಿಳಿವಳಿಕೆ ಇವರಲ್ಲಿ ಉಳಿದಿದೆಯೆ, ಬಳಕೆಯಲ್ಲಿದೆಯೆ? (ಪ್ರಸ್ತುತತೆ.) ನಾಲ್ಕನೆಯದರಲ್ಲಿ ಹಳೆಯ ತಂತ್ರಜ್ಞಾನದವರು ಎಡವುತ್ತಾರೆ. ಬಳಕೆಯಿಂದ ಹೋದ ತಂತ್ರಾಂಶದಲ್ಲಿ ಹದಿನೈದು ವರ್ಷದ ಹಿಂದೆ ಮಾಡಿದ ಕೆಲಸವಿದ್ದರೆ, ಅದರ ಹಿಂದಿನ ತತ್ವವನ್ನು ಇತ್ತೀಚಿನ ವರ್ಷಗಳಲ್ಲಿ ಮತ್ತೆ ಬಳಸಿದ ಒಂದಾದರೂ ಮಾದರಿಯನ್ನು ಅದರ ಪಕ್ಕಕ್ಕಿಡಿ.

ದೃಢೀಕರಣ ಪತ್ರದ ವಿಷಯಕ್ಕೆ ಬರೋಣ. ಅತಿ ಹೆಚ್ಚು ಕಡತಗಳು ಸೊರಗುವುದು ಇಲ್ಲಿ. ಇದು ಶಿಫಾರಸು ಪತ್ರವಲ್ಲ. ‘ಶ್ರಮಜೀವಿ, ಪ್ರಾಮಾಣಿಕರು, ಉಜ್ವಲ ಭವಿಷ್ಯ ಹಾರೈಸುತ್ತೇನೆ’ ಎಂಬ ಪತ್ರದಿಂದ ಮೌಲ್ಯಮಾಪಕರಿಗೆ ತಿಳಿಯುವುದು ಏನೂ ಇಲ್ಲ. ಪತ್ರದಲ್ಲಿ ಇರಬೇಕಾದ್ದು: ಸಂಸ್ಥೆಯ ಶಿರೋನಾಮೆ, ದಿನಾಂಕ, ಸಹಿ, ಬರೆದವರ ಹುದ್ದೆ ಮತ್ತು ಸಂಪರ್ಕ, ನಿಮ್ಮ ಕೆಲಸವನ್ನು ಅವರು ಯಾವ ಅವಧಿಯಲ್ಲಿ, ಯಾವ ಸ್ಥಾನದಿಂದ ಕಣ್ಣಾರೆ ನೋಡಿದರು, ನೀವು ಮಾಡಿದ ನಿರ್ದಿಷ್ಟ ಕೆಲಸಗಳು, ಅವನ್ನು ಯಾರ ನೆರವೂ ಇಲ್ಲದೆ ಮಾಡುತ್ತಿದ್ದಿರೋ, ಮೇಲ್ವಿಚಾರಣೆಯಲ್ಲಿ ಮಾಡುತ್ತಿದ್ದಿರೋ. ಪತ್ರ ಕೇಳುವಾಗ ಕಲಿಕಾ ಫಲಗಳ ಪಟ್ಟಿಯನ್ನು ಅವರ ಕೈಗೆ ಕೊಡಿ, ‘ಇವುಗಳಲ್ಲಿ ನೀವು ನೋಡಿದ್ದನ್ನು ಮಾತ್ರ ಬರೆಯಿರಿ’ ಎಂದು ಕೇಳಿಕೊಳ್ಳಿ. ಪಠ್ಯವನ್ನು ನೀವೇ ಬರೆದು ಸಹಿ ಮಾತ್ರ ಹಾಕಿಸಿಕೊಳ್ಳಬೇಡಿ. ಮೂರು ಪತ್ರಗಳೂ ಒಂದೇ ಶೈಲಿಯಲ್ಲಿದ್ದರೆ ಓದುವವರಿಗೆ ಕೂಡಲೇ ಗೊತ್ತಾಗುತ್ತದೆ. ಕುಟುಂಬದವರ ಪತ್ರ, ಕೆಲಸವನ್ನು ನೇರವಾಗಿ ಕಾಣದ ದೊಡ್ಡ ಅಧಿಕಾರಿಯ ಪತ್ರ ಎರಡಕ್ಕೂ ತೂಕ ಕಡಿಮೆ.

ಹಳೆಯ ಸಂಸ್ಥೆ ಮುಚ್ಚಿಹೋಗಿದ್ದರೆ? ನೇಮಕಾತಿ ಪತ್ರ, ಸಂಬಳ ಚೀಟಿ, ತೆರಿಗೆ ದಾಖಲೆಗಳಿಂದ ನೀವು ಅಲ್ಲಿ ಇದ್ದದ್ದನ್ನು ತೋರಿಸಬಹುದು. ಮಾಡಿದ ಕೆಲಸಕ್ಕೆ ಅಂದಿನ ಸಹೋದ್ಯೋಗಿ, ಗ್ರಾಹಕ ಅಥವಾ ಸರಬರಾಜುದಾರರಿಂದ ಪತ್ರ ಪಡೆಯಿರಿ. ಯಾವುದೂ ಸಿಗದಿದ್ದರೆ ಸಂಸ್ಥೆಯನ್ನು ಪ್ರಾತ್ಯಕ್ಷಿಕೆಗೆ ಕೇಳಿ: ಮೌಲ್ಯಮಾಪಕರ ಮುಂದೆಯೇ ಕೆಲಸ ಮಾಡಿ ತೋರಿಸುವುದು. ಇದಕ್ಕೆ ಒಪ್ಪುವ ಸಂಸ್ಥೆಗಳಿವೆ, ಕೇಳುವವರು ಕಡಿಮೆ.

ತಂಡದಲ್ಲಿ ಮಾಡಿದ ಕೆಲಸವನ್ನು ಸೇರಿಸುವಾಗ ನಿಮ್ಮ ಪಾಲು ಯಾವುದು ಎಂದು ಪುರಾವೆಯ ಮೊದಲ ಪುಟದಲ್ಲೇ ಬರೆಯಿರಿ: ‘40 ಪುಟದ ಈ ವರದಿಯಲ್ಲಿ 12ರಿಂದ 21ನೇ ಪುಟದ ದತ್ತಾಂಶ ವಿಶ್ಲೇಷಣೆ ನನ್ನದು.’ ಆಮೇಲೆ ಆ ಹತ್ತು ಪುಟ ಮತ್ತು ಮುಖಪುಟ ಮಾತ್ರ ಲಗತ್ತಿಸಿ. ಇಡೀ ವರದಿ ಬೇಡ.

ಗೋಪ್ಯತೆಯ ವಿಷಯದಲ್ಲಿ ರಿಯಾಯಿತಿ ಇಲ್ಲ. ರೋಗಿಗಳು, ಗ್ರಾಹಕರು, ಮಕ್ಕಳು, ಸಹೋದ್ಯೋಗಿಗಳ ಹೆಸರು ಮತ್ತು ವಿವರಗಳನ್ನು ಅಳಿಸಬೇಕು. ಸಂಸ್ಥೆಯ ಆಂತರಿಕ ದಾಖಲೆಯಾದರೆ ಲಿಖಿತ ಅನುಮತಿ ಬೇಕು. ಅಳಿಸುವಾಗ ಆಗುವ ಸಾಮಾನ್ಯ ತಪ್ಪು ಹೀಗಿದೆ: ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆದುಬಿಡುತ್ತಾರೆ. ಚೌಕದ ಕೆಳಗೆ ಅಕ್ಷರಗಳು ಹಾಗೆಯೇ ಇರುತ್ತವೆ, ಆಯ್ದು ನಕಲು ಮಾಡಿ ಬೇರೆಡೆ ಅಂಟಿಸಿದರೆ ಹೆಸರು ಹೊರಬೀಳುತ್ತದೆ. ಪಠ್ಯವನ್ನೇ ತೆಗೆದುಹಾಕುವ ಅಳಿಸುವ ಸಾಧನ ಬಳಸಿ. ಅದಿಲ್ಲದಿದ್ದರೆ ಮುದ್ರಿಸಿ, ದಟ್ಟ ಶಾಯಿಯಿಂದ ಮುಚ್ಚಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಸ್ಕ್ಯಾನ್ ಮಾಡಿ. ಕಳುಹಿಸುವ ಮುನ್ನ ನೀವೇ ನಕಲು ಮಾಡಿ ಅಂಟಿಸಿ ಪರೀಕ್ಷಿಸಿ.

6. ಕಲಿಕಾ ಕಥನ ಬರೆಯಿರಿ

ಕಲಿಕಾ ಕಥನ ಎಂದರೆ ಏನು ಮಾಡಿದಿರಿ ಎಂಬುದರಿಂದ ಏನು ಕಲಿತಿರಿ ಎಂಬಲ್ಲಿಗೆ ಓದುಗರನ್ನು ಕರೆದೊಯ್ಯುವ ಬರಹ. ಪುರಾವೆಗಳು ತಾವಾಗಿಯೇ ಮಾತಾಡುವುದಿಲ್ಲ, ಈ ಬರಹ ಅವುಗಳಿಗೆ ಬಾಯಿ ಕೊಡುತ್ತದೆ. ಹೆಚ್ಚು ಸಮಯವನ್ನು ಇದಕ್ಕೇ ಕೊಡಿ.

ಬರೆಯುವ ಕ್ರಮಕ್ಕೆ ಅಮೆರಿಕದ ಶಿಕ್ಷಣ ತಜ್ಞ ಡೇವಿಡ್ ಕೋಲ್ಬ್ 1984ರಲ್ಲಿ ವಿವರಿಸಿದ ಅನುಭವಜನ್ಯ ಕಲಿಕೆಯ ಚಕ್ರ ಚೆನ್ನಾಗಿ ಒದಗುತ್ತದೆ, ಹಲವು ಸಂಸ್ಥೆಗಳು ಅದನ್ನೇ ಕೇಳುತ್ತವೆ. ಚಕ್ರದಲ್ಲಿ ನಾಲ್ಕು ಘಟ್ಟ: ನಡೆದದ್ದು, ಅದನ್ನು ಹಿಂತಿರುಗಿ ನೋಡಿದ್ದು, ಅದರಿಂದ ತತ್ವವನ್ನು ಹೊರತೆಗೆದದ್ದು, ಆ ತತ್ವವನ್ನು ಹೊಸ ಸನ್ನಿವೇಶದಲ್ಲಿ ಪರೀಕ್ಷಿಸಿದ್ದು. ಹೆಚ್ಚಿನವರು ಮೊದಲ ಘಟ್ಟಕ್ಕೆ ಮೂರು ಪುಟ ಕೊಟ್ಟು, ಉಳಿದ ಮೂರಕ್ಕೆ ಮೂರು ಸಾಲು ಕೊಡುತ್ತಾರೆ. ಪ್ರಮಾಣವನ್ನು ತಿರುಗಿಸಿ: ನಡೆದದ್ದಕ್ಕೆ ಕಾಲು ಭಾಗ ಸಾಕು.

ಅದೇ ಗೋದಾಮಿನ ಉದಾಹರಣೆ. ಕ್ರೆಡಿಟ್ ಸಿಗದ ಬರಹ ಹೀಗಿರುತ್ತದೆ:

‘ಮೂರು ವರ್ಷ ಗೋದಾಮಿನ ಸಂಪೂರ್ಣ ಜವಾಬ್ದಾರಿ ನಿರ್ವಹಿಸಿದೆ. ದಾಸ್ತಾನು ಕಡಿಮೆಯಾಗದಂತೆ ಸದಾ ಎಚ್ಚರ ವಹಿಸುತ್ತಿದ್ದೆ. ಇದರಿಂದ ದಾಸ್ತಾನು ನಿರ್ವಹಣೆಯಲ್ಲಿ ಪರಿಣತಿ ಗಳಿಸಿದೆ.’

ಇದೇ ಅನುಭವವನ್ನು ಹೀಗೆ ಬರೆಯಬಹುದು:

‘ಮೊದಲು ಕಪಾಟು ಖಾಲಿಯಾಗುತ್ತಿದೆ ಎನಿಸಿದಾಗ ಆರ್ಡರ್ ಕೊಡುತ್ತಿದ್ದೆ. ಸರಕು ತೀರಿಹೋಗಿದ್ದ ದಿನಗಳನ್ನು ಆರು ತಿಂಗಳು ಬರೆದಿಟ್ಟು ನೋಡಿದಾಗ ತೊಂದರೆ ಬಳಕೆಯ ಏರಿಳಿತಕ್ಕಿಂತ ಸರಬರಾಜಿನ ಏರಿಳಿತದಲ್ಲಿದೆ ಎಂದು ತಿಳಿಯಿತು: ಸರಾಸರಿ 6 ದಿನದಲ್ಲಿ ಬರುವ ಸರಕು ಕೆಲವೊಮ್ಮೆ 9 ದಿನ ಹಿಡಿಯುತ್ತಿತ್ತು. ದಿನದ ಸರಾಸರಿ ಬಳಕೆ 40, ಗರಿಷ್ಠ 50. ಗರಿಷ್ಠಗಳ ಗುಣಲಬ್ಧ 450ರಿಂದ ಸರಾಸರಿಗಳ ಗುಣಲಬ್ಧ 240 ಕಳೆದು 210ನ್ನು ಸುರಕ್ಷತಾ ದಾಸ್ತಾನಾಗಿ ಇಟ್ಟು, ದಾಸ್ತಾನು 450ಕ್ಕೆ ಇಳಿದಾಗ ಮರು ಖರೀದಿ ಎಂದು ನಿಗದಿಪಡಿಸಿದೆ (ಪುರಾವೆ 4). ಈ ಸೂತ್ರ ಎರಡು ಕೆಟ್ಟ ಸ್ಥಿತಿಗಳೂ ಒಟ್ಟಿಗೇ ಬರುತ್ತವೆ ಎಂದು ಊಹಿಸುವುದರಿಂದ ಅಗತ್ಯಕ್ಕಿಂತ ಹೆಚ್ಚು ಸಂಗ್ರಹಿಸುವಂತೆ ಮಾಡುತ್ತದೆ. ಆದ್ದರಿಂದ ಬೇಗ ಹಾಳಾಗುವ ಸರಕಿಗೆ ಅದನ್ನು ಬಳಸದೆ, ಸಣ್ಣ ಪ್ರಮಾಣದಲ್ಲಿ ಪದೇಪದೇ ತರಿಸುವ ಕ್ರಮಕ್ಕೆ ಬದಲಾಯಿಸಿದೆ (ಪುರಾವೆ 5).’

ಎರಡನೆಯದರಲ್ಲಿ ಏನೇನು ಬಂದಿದೆ ನೋಡಿ. ಸಮಸ್ಯೆ ಗುರುತಿಸಿದ ಬಗೆ, ಅಂಕಿಗಳು, ಪಠ್ಯಪುಸ್ತಕದ ಪರಿಕಲ್ಪನೆ, ಅದರ ಮಿತಿ, ಮಿತಿ ಕಂಡ ಮೇಲೆ ಮಾಡಿದ ಬದಲಾವಣೆ. ಪುರಾವೆಯ ಸಂಖ್ಯೆ ಹೇಳಿಕೆಯ ಪಕ್ಕದಲ್ಲೇ ಇದೆ. ‘ಪರಿಣತಿ’ ಎಂಬ ಪದ ಒಮ್ಮೆಯೂ ಬಂದಿಲ್ಲ, ಬೇಕಾಗಿಯೂ ಇಲ್ಲ.

ಸಿದ್ಧಾಂತದ ಹೆಸರು ಗೊತ್ತಿಲ್ಲ ಎಂದು ಹಿಂಜರಿಯುವವರು ಬಹಳ. ನಿಮಗೆ ಕೆಲಸ ಗೊತ್ತಿದೆ, ಕೊರತೆ ಇರುವುದು ಹೆಸರಿನದಷ್ಟೆ. ಆ ಕೋರ್ಸಿನ ಪಠ್ಯಪುಸ್ತಕವನ್ನು ತೆರೆದು, ನೀವು ಮಾಡುತ್ತಿದ್ದದ್ದಕ್ಕೆ ಅಲ್ಲಿ ಏನೆನ್ನುತ್ತಾರೆ ಎಂದು ಹುಡುಕಿ. ಬೆಲೆಬಾಳುವ ಕೆಲವೇ ಸರಕಿಗೆ ಹೆಚ್ಚು ಗಮನ ಕೊಡುತ್ತಿದ್ದರೆ ಅದು ಎಬಿಸಿ ವರ್ಗೀಕರಣ. ತರಬೇತಿ ಮುಗಿದ ಮೇಲೆ ಕಲಿತವರ ಅಭಿಪ್ರಾಯ, ಕಲಿಕೆ, ನಡವಳಿಕೆ, ಕೆಲಸದ ಫಲಿತಾಂಶ ಎಂದು ನಾಲ್ಕು ಹಂತದಲ್ಲಿ ನೋಡುತ್ತಿದ್ದರೆ ಅದು ಕರ್ಕ್‌ಪ್ಯಾಟ್ರಿಕ್ ಮಾದರಿ. ಆದರೆ ಪುಸ್ತಕದ ವ್ಯಾಖ್ಯೆಯನ್ನು ಇಳಿಸಿ ಬಿಡಬೇಡಿ. ನಿಮ್ಮ ಅನುಭವ ಆ ಮಾದರಿಗೆ ಎಲ್ಲಿ ಹೊಂದಿತು, ಎಲ್ಲಿ ಹೊಂದಲಿಲ್ಲ ಎಂದು ಬರೆಯಿರಿ. ಬಳಸಿದ ಪುಸ್ತಕವನ್ನು ಸಂಸ್ಥೆ ಕೇಳುವ ಕ್ರಮದಲ್ಲಿ ಉಲ್ಲೇಖಿಸಿ.

ಕನ್ನಡದಲ್ಲಿ ಬರೆಯುವವರಿಗೆ ಒಂದು ವಿಶೇಷ ಸೂಚನೆ. ನಮ್ಮ ಕಚೇರಿ ಭಾಷೆಯಲ್ಲಿ ‘ಪರಿಶೀಲಿಸಲಾಯಿತು’, ‘ಕ್ರಮ ಕೈಗೊಳ್ಳಲಾಯಿತು’ ಎಂದು ಬರೆಯುವುದು ಅಭ್ಯಾಸವಾಗಿಬಿಟ್ಟಿದೆ. ಸೌಜನ್ಯಕ್ಕೆ ‘ನಾವು ಮಾಡಿದೆವು’ ಎನ್ನುವುದೂ ಇದೆ. ಎರಡರಲ್ಲೂ ಕೆಲಸ ಮಾಡಿದವರು ಯಾರು ಎಂಬುದು ಮಾಯವಾಗುತ್ತದೆ, ಮೌಲ್ಯಮಾಪಕರು ತಿಳಿಯಬೇಕಾದ್ದು ಅದೇ. ‘ಪರಿಶೀಲಿಸಿದೆ’, ‘ಲೆಕ್ಕ ಹಾಕಿದೆ’, ‘ನಿರ್ಧರಿಸಿದೆ’ ಎಂದು ಬರೆಯಿರಿ. ಇದು ಜಂಬವಲ್ಲ. ಮೇಲಿನವರು ನಿರ್ಧರಿಸಿ ನೀವು ಜಾರಿಗೆ ತಂದದ್ದಾದರೆ ಅದನ್ನೂ ಹಾಗೆಯೇ ಬರೆಯಿರಿ.

ಬರೆಯಲು ಎಐ ಸಾಧನ ಬಳಸಬಹುದೆ ಎಂದು ಹಲವರು ಕೇಳುತ್ತಾರೆ. ಸಂಸ್ಥೆಯ ನಿಯಮ ನೋಡಿ, ಬಳಸಿದ್ದರೆ ಘೋಷಿಸಿ. ಕಥನದ ಕರಡನ್ನಂತೂ ಅದರಿಂದ ಬರೆಸಬೇಡಿ. ಯಾರಿಗಾದರೂ ಒಪ್ಪುವಂಥ ನುಣುಪು ವಾಕ್ಯಗಳು ಬಂದು, ನಿಮಗೆ ಮಾತ್ರ ಗೊತ್ತಿರುವ ವಿವರಗಳು ಹೊರಗುಳಿಯುತ್ತವೆ. ನೈಜತೆಯ ಪರೀಕ್ಷೆಯಲ್ಲಿ ಗೆಲ್ಲಿಸುವುದು ಆ ವಿವರಗಳೇ.

7. ಕಡತ ಜೋಡಿಸಿ

ಸಂಸ್ಥೆಯ ನಮೂನೆ ಇದ್ದರೆ ಅದೇ ಅಂತಿಮ. ಇಲ್ಲದಿದ್ದರೆ ಈ ಕ್ರಮ: ಮುಖಪುಟ (ಕೋರ್ಸಿನ ಸಂಕೇತ, ಕೇಳುತ್ತಿರುವ ಕ್ರೆಡಿಟ್), ಪರಿವಿಡಿ, ನಿಮ್ಮದೇ ಕೆಲಸ ಎಂಬ ಸಹಿ ಮಾಡಿದ ಘೋಷಣೆ, ಕಾಲಾನುಕ್ರಮ ಪಟ್ಟಿ, ಜೋಡಣೆ ಕೋಷ್ಟಕ, ಕಲಿಕಾ ಕಥನ, ಪುರಾವೆಗಳು.

ಪ್ರತಿ ಪುರಾವೆಯ ಮುಂದೆ ಅರ್ಧ ಪುಟದ ಪರಿಚಯ ಚೀಟಿ ಇರಲಿ: ಇದೇನು, ಯಾವಾಗಿನದು, ನನ್ನ ಪಾಲೇನು, ಯಾವ ಫಲಕ್ಕೆ, ಎಲ್ಲಿ ನೋಡಬೇಕು. ವಿಡಿಯೊ ಆದರೆ ಐದು ನಿಮಿಷ ದಾಟದಂತೆ ಕತ್ತರಿಸಿ, ‘2:10ರಿಂದ 3:05: ಉಪಕರಣದ ಹೊಂದಾಣಿಕೆ’ ಎಂದು ಸಮಯ ಸೂಚಿಸಿ. ದಾಖಲೆಗಳನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸಹಿ, ಮೊಹರು ಓದಲು ಬರುತ್ತವೆ. ಬೇರೆ ಭಾಷೆಯ ದಾಖಲೆಗೆ ಮೂಲ, ಅನುವಾದ, ಅನುವಾದಕರ ಸಹಿಯುಳ್ಳ ದೃಢೀಕರಣ ಮೂರೂ ಬೇಕು. ಇಡೀ ಕಡತಕ್ಕೆ ಒಂದೇ ಸರಣಿಯ ಪುಟಸಂಖ್ಯೆ ಹಾಕಿ. ಜಾಲತಾಣದ ಕೊಂಡಿಗಳನ್ನು ನಂಬಿ ಕೂರಬೇಡಿ, ಮೌಲ್ಯಮಾಪಕರು ತೆರೆಯುವ ಹೊತ್ತಿಗೆ ಪುಟ ಇಲ್ಲದಿರಬಹುದು, ಪ್ರತಿಯನ್ನೂ ಲಗತ್ತಿಸಿ.

ದಪ್ಪ ಕಡತ ಒಳ್ಳೆಯ ಕಡತ ಎಂಬ ಭ್ರಮೆ ಬೇಡ. 300 ಪುಟ ತುಂಬಿಸಿದರೆ ಬೇಕಾದ 60 ಪುಟ ಅದರೊಳಗೆ ಹೂತುಹೋಗುತ್ತವೆ.

ಸಲ್ಲಿಸುವ ಮೊದಲು ನಿಮ್ಮ ವೃತ್ತಿಯ ಪರಿಚಯವಿಲ್ಲದ ಒಬ್ಬರಿಗೆ ಕಡತ ಕೊಡಿ. ಕೋಷ್ಟಕದಿಂದ ಯಾವುದಾದರೂ ಒಂದು ಫಲವನ್ನು ಆರಿಸಿ, ಅದರ ಪುರಾವೆ ಹುಡುಕಲು ಹೇಳಿ. ಒಂದು ನಿಮಿಷದೊಳಗೆ ಸಿಗದಿದ್ದರೆ ಜೋಡಣೆಯನ್ನು ಮತ್ತೆ ನೋಡಿ.

8. ಮೌಖಿಕ ಸಂದರ್ಶನಕ್ಕೆ ಸಿದ್ಧರಾಗಿ

ಕಡತ ಓದಿದ ಮೇಲೆ ಕೆಲವು ಮೌಲ್ಯಮಾಪಕರು ಮಾತುಕತೆಗೆ ಕರೆಯುತ್ತಾರೆ. ಫ್ರಾನ್ಸ್‌ನಲ್ಲಿ 2002ರ ಕಾನೂನಿನ ಮೂಲಕ ಬಂದ ವಿಎಇ ಪದ್ಧತಿಯಲ್ಲಂತೂ ತೀರ್ಮಾನ ತೀರ್ಪುಗಾರರ ಮಂಡಳಿಯದು. ಕರೆ ಬಂದರೆ ಗಾಬರಿ ಬೇಡ, ಅನುಮಾನದಿಂದಲೇ ಕರೆಯುತ್ತಾರೆ ಎಂದೇನಿಲ್ಲ. ಬರಹದಲ್ಲಿ ಸ್ಪಷ್ಟವಾಗದ್ದನ್ನು ಬಾಯಲ್ಲಿ ಕೇಳಿ ತುಂಬಿಕೊಳ್ಳಲು ಇದು ನಿಮಗೂ ಅವಕಾಶ. ಮೂರು ಬಗೆಯ ಪ್ರಶ್ನೆಗಳಿಗೆ ಉತ್ತರ ಯೋಚಿಸಿಟ್ಟುಕೊಳ್ಳಿ: ‘ಏಕೆ ಹಾಗೆ ಮಾಡಿದಿರಿ, ಬೇರೆ ದಾರಿ ಇರಲಿಲ್ಲವೆ?’, ‘ಪರಿಸ್ಥಿತಿ ಹೀಗೆ ಬದಲಾದರೆ ಏನು ಮಾಡುತ್ತೀರಿ?’, ‘ಇದಕ್ಕೂ ಪಠ್ಯದ ಇಂಥ ಪರಿಕಲ್ಪನೆಗೂ ಏನು ಸಂಬಂಧ?’ ಜೋಡಣೆ ಕೋಷ್ಟಕದ ಪ್ರತಿ ಕೈಯಲ್ಲಿರಲಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ. ಊಹಿಸಿ ಹೇಳಿದ ಒಂದು ಉತ್ತರ, ನೀವು ನಿಜವಾಗಿ ಬಲ್ಲ ಐದರ ಮೇಲೂ ನೆರಳು ಚೆಲ್ಲುತ್ತದೆ.

9. ಫಲಿತಾಂಶ ಬಂದ ಮೇಲೆ

ಪೂರ್ಣ ಕ್ರೆಡಿಟ್, ಭಾಗಶಃ ಕ್ರೆಡಿಟ್, ಹೆಚ್ಚುವರಿ ಪುರಾವೆಗೆ ಕೋರಿಕೆ, ನಿರಾಕರಣೆ: ಈ ನಾಲ್ಕರಲ್ಲಿ ಒಂದು ಬರುತ್ತದೆ. ಹೆಚ್ಚುವರಿ ಪುರಾವೆ ಕೇಳಿದ್ದರೆ ಕೇಳಿದ್ದನ್ನಷ್ಟೇ, ಅದೇ ಫಲದ ಹೆಸರಿನಲ್ಲಿ, ಗಡುವಿನೊಳಗೆ ಕೊಡಿ; ಕಡತವನ್ನು ಪೂರ್ತಿ ಹೊಸದಾಗಿ ಬರೆಯಲು ಹೋಗಬೇಡಿ. ನಿರಾಕರಿಸಿದ್ದರೆ ಯಾವ ಫಲಕ್ಕೆ ಏನು ಕಡಿಮೆಯಾಯಿತು ಎಂಬ ಲಿಖಿತ ವಿವರಣೆ ಕೇಳಿ. ಮೇಲ್ಮನವಿಯಲ್ಲಿ ‘ನನಗೆ ಅನ್ಯಾಯವಾಗಿದೆ’ ಎಂಬ ಮಾತಿಗೆ ಬಲವಿಲ್ಲ. ‘ಮೂರನೇ ಫಲಕ್ಕೆ ಕೊಟ್ಟ 7ನೇ ಪುರಾವೆಯ ಪ್ರಸ್ತಾಪವೇ ವರದಿಯಲ್ಲಿ ಇಲ್ಲ’ ಎಂಬಂಥ ಮಾತು ನಿಲ್ಲುತ್ತದೆ.

ಕ್ರೆಡಿಟ್ ಸಿಕ್ಕಿದ್ದರೆ ಅಂಕಪಟ್ಟಿ ತರಿಸಿ ನೋಡಿ. ಸರಿಯಾದ ಕೋರ್ಸ್ ಸಂಕೇತದ ಎದುರಿಗೆ, ಸರಿಯಾದ ಸಂಖ್ಯೆಯಲ್ಲಿ ದಾಖಲಾಗಿರಬೇಕು. ಅದೇ ವಿಷಯದ ಇನ್ನೊಂದು ಕೋರ್ಸಿಗೆ ಮುಂದೆ ಹೆಸರು ನೋಂದಾಯಿಸಿದರೆ ಒಂದೇ ಕಲಿಕೆಗೆ ಎರಡು ಸಲ ಕ್ರೆಡಿಟ್ ಆಗುತ್ತದೆ ಎಂದು ಈಗ ಸಿಕ್ಕಿದ್ದನ್ನೂ ರದ್ದುಪಡಿಸಬಹುದು. ಬೇರೆ ವಿಶ್ವವಿದ್ಯಾಲಯಕ್ಕೆ ವರ್ಗವಾಗುವ ಯೋಚನೆ ಇದ್ದರೆ ಈ ಕ್ರೆಡಿಟ್‌ಗಳನ್ನು ಅವರು ಒಪ್ಪುತ್ತಾರೆಯೆ ಎಂದು ಮೊದಲೇ ಕೇಳಿ, ಒಪ್ಪಲೇಬೇಕೆಂಬ ನಿಯಮ ಸಾಮಾನ್ಯವಾಗಿ ಇರುವುದಿಲ್ಲ. ಅಂಥ ಹೊತ್ತಿಗೆ ಬೇಕಾಗುವುದರಿಂದ ಕಡತದ ಪೂರ್ತಿ ಪ್ರತಿ, ಮೌಲ್ಯಮಾಪಕರ ವರದಿ ಮತ್ತು ಆ ವರ್ಷದ ಪಠ್ಯಕ್ರಮ ಮೂರನ್ನೂ ಒಂದೇ ಕಡೆ ಕಾಪಿಡಿ.